ಭಾನುವಾರ ಮ್ಯಾಜಿಕ್ ಮತ್ತು ಬರ್ಡ್

ಗೆಳೆಯರೇ, ಈ ಭಾನುವಾರ ಸಂಜೆ 6ಕ್ಕೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರರಾದ ಮ್ಯಾಜಿಕ್ ಜಾನ್ಸನ್, ಲ್ಯಾರಿ ಬರ್ಡ್ ಬಗ್ಗೆ ಅಲ್ಲಿನ ಟಿವಿ ಚಾನೆಲ್ ಎಚ್‌ಬಿಒ 2010ರಲ್ಲಿ ತೋರಿಸಿದ ಸಾಕ್ಷ್ಯಚಿತ್ರ ನೋಡೋಣ.

1979ರ ಕಾಲೇಜು ಫೈನಲ್‌ನಲ್ಲಿ ಮ್ಯಾಜಿಕ್ ತಂಡ ಬರ್ಡ್ ತಂಡವನ್ನು 75-64ರಿಂದ ಸೋಲಿಸಿತು. ಜಿದ್ದು ಶುರುವಾಗಿದ್ದೇ ಅಲ್ಲಿ. ಆಮೇಲೆ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಫೈನಲ್‌ನಲ್ಲಿ ಮೂರು ಸಲ ಎದುರಾದರು. 1984 ಬರ್ಡ್‌ಗೆ, 1985 ಮತ್ತು 1987 ಮ್ಯಾಜಿಕ್‌ಗೆ.

ಆದರೆ ನನಗೆ ಸ್ಕೋರಿಗಿಂತ ಜಾಸ್ತಿ ಇಷ್ಟವಾಗುವುದು ಅವರಿಬ್ಬರ ಶೂ ಜಾಹೀರಾತಿನ ಕಥೆ. ಶೂಟಿಂಗ್‌ಗೆ ಮ್ಯಾಜಿಕ್ ಫ್ರೆಂಚ್ ಲಿಕ್‌ಗೆ, ಅಂದರೆ ಬರ್ಡ್ ಊರಿಗೇ ಹೋದರು. ಬರ್ಡ್ ಅವರ ತಾಯಿ ಊಟ ಹಾಕಿದರು. ಅಲ್ಲಿಯವರೆಗೆ ದೂರವೇ ಇದ್ದವರು ಅಂದು ಹತ್ತಿರವಾದರು. ಊಟಕ್ಕೆ ಅಷ್ಟು ಶಕ್ತಿ ಇದೆ, ಅಲ್ವಾ!

1991ರಲ್ಲಿ ಮ್ಯಾಜಿಕ್ ತಮಗೆ ಎಚ್‌ಐವಿ ಇದೆ ಎಂದು ಹೇಳಿದ ಭಾಗವೂ ಬರುತ್ತದೆ. ಮಕ್ಕಳನ್ನು ಕರೆತರುವವರು ಗಮನಿಸಿ.

ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ. ಯಾರು ದೊಡ್ಡವರು ಅನ್ನೋ ಜಗಳ ಸಿನಿಮಾ ಮುಗಿದ ಮೇಲೆ, ಮಧ್ಯೆ ಬೇಡ.