ಚಿನ್ನದ ನಾಣ್ಯದ ಸುದ್ದಿ ಜೊತೆ ಪರೀಕ್ಷೆ ಮಾಡೋದನ್ನೂ ಬರೀರಿ

ಸಂಪಾದಕರೇ, ನಮಸ್ಕಾರ.

ಪಾಯ ತೆಗೆಯುವಾಗ ನಿಧಿ ಸಿಕ್ಕಿದೆ, ಕಮ್ಮಿ ರೇಟಿಗೆ ಕೊಡ್ತೀವಿ ಅಂತ ನಂಬಿಸಿ ನಕಲಿ ಬಂಗಾರದ ನಾಣ್ಯ ಕೊಟ್ಟು ಲಕ್ಷಗಟ್ಟಲೆ ಹೊಡೆಯೋ ಸುದ್ದಿ ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ಹೊಸದಲ್ಲ. ಮೊದಲು ಒಂದೆರಡು ಅಸಲಿ ಕೊಟ್ಟು ಅಕ್ಕಸಾಲಿಗರ ಹತ್ರ ಒರೆ ಹಚ್ಚಿಸಿ ನೋಡಿ ಅಂತಾರೆ, ಆಮೇಲೆ ಗಂಟಲ್ಲಿ ಬರೋದೆಲ್ಲ ಹಿತ್ತಾಳೆ. ಸುದ್ದಿಯಲ್ಲಿ ಎಷ್ಟು ದುಡ್ಡು ಹೋಯ್ತು ಅಂತ ಇರುತ್ತೆ, ಹೆಂಗೆ ಪರೀಕ್ಷೆ ಮಾಡ್ಬೇಕಿತ್ತು ಅಂತ ಇರಲ್ಲ, ಅದನ್ನೂ ಬರೀರಿ ಅಂತ ಕೇಳೋಕೆ ಈ ಪತ್ರ.

ನನಗೆ ಅಮೆರಿಕದ 19ನೇ ಶತಮಾನದ ಬಂಗಾರದ ನಾಣ್ಯ ಅಂದ್ರೆ ಪ್ರಾಣ. ಪರೀಕ್ಷೆ ಹೆಂಗೆ ಅನ್ನೋದಕ್ಕೆ ಅದನ್ನೇ ಉದಾಹರಣೆ ತಗೊಳ್ಳಿ: ಅಲ್ಲಿನ 20 ಡಾಲರ್ ನಾಣ್ಯ, ಡಬಲ್ ಈಗಲ್ ಅಂತಾರೆ, ತೂಕ 33.436 ಗ್ರಾಂ, ಅಗಲ 34 ಮಿಲಿಮೀಟರ್, ನೂರಕ್ಕೆ 90 ಭಾಗ ಚಿನ್ನ. ಅದೇ ಅಗಲ ಅದೇ ದಪ್ಪಕ್ಕೆ ಹಿತ್ತಾಳೆಯಲ್ಲಿ ಮಾಡಿದ್ರೆ ತೂಕ ಹೆಚ್ಚೂಕಮ್ಮಿ ಅರ್ಧಕ್ಕೇ ನಿಲ್ಲುತ್ತೆ, ತೂಕ ಸರಿ ಮಾಡೋಕೆ ಹೋದ್ರೆ ದಪ್ಪ ಆಗಿಬಿಡುತ್ತೆ, ಹಂಗಾಗಿ ಸ್ಯಾಂಪಲ್ ಒಂದೇ ಅಲ್ಲ, ಗಂಟಲ್ಲಿರೋ ಒಂದೊಂದನ್ನೂ ತಕ್ಕಡಿಗೆ ಹಾಕ್ಬೇಕು, ಅಗಲ ದಪ್ಪಾನೂ ಅಳೀಬೇಕು. ಹೆಚ್ಚೂಕಮ್ಮಿ ಚಿನ್ನದಷ್ಟೇ ಭಾರ ಇರೋ ಟಂಗ್‌ಸ್ಟನ್ ಲೋಹ ತುಂಬಿದ ನಕಲಿ ಇದ್ರಲ್ಲಿ ಸಿಕ್ಕಿಬೀಳಲ್ಲ ನಿಜ, ಹಿತ್ತಾಳೆ ಮಾಲು ಮಾತ್ರ ಖಂಡಿತ ಸಿಕ್ಕಿಬೀಳುತ್ತೆ.

ಅಸಲಿ ಇದ್ದೋರದ್ದು ಇನ್ನೊಂದು ಕಥೆ. ಪೇಟೆಯ ಒಂದು ಅಂಗಡಿಯಲ್ಲಿ ಇಂಥದ್ದೇ 20 ಡಾಲರ್ ನಾಣ್ಯಕ್ಕೆ ಪದಕ ಮಾಡೋಕೆ ಅಂತ ಕೊಂಡಿ ಬೆಸುಗೆ ಹಾಕಿದ್ದು ನೋಡಿದೆ, ಆ ಬಿಸಿಗೆ ಅಂಚಿನ ಗೆರೆಗಳೆಲ್ಲ ಕರಗಿ ನುಣ್ಣಗಾಗಿದ್ವು, ಹೊಟ್ಟೆ ಉರೀತು. ಬೆಸುಗೆ ಹಾಕಿಸೋ ಮುಂಚೆ ನಾಣ್ಯ ಎಲ್ಲಿಯದು ಅಂತ ನೋಡ್ಬೇಕು: ಕೆಲವಕ್ಕೆ ಹಿಂಬದಿ ಹದ್ದಿನ ಬಾಲದ ಕೆಳಗೆ ಟಂಕಸಾಲೆಯ ಚಿಕ್ಕ ಅಕ್ಷರ ಇರುತ್ತೆ, ಎಸ್ ಇದ್ರೆ ಸ್ಯಾನ್ ಫ್ರಾನ್ಸಿಸ್ಕೊ, ಸಿಸಿ ಇದ್ರೆ ನೆವಾಡದ ಕಾರ್ಸನ್ ಸಿಟಿ. ಕಾರ್ಸನ್ ಸಿಟಿಯಲ್ಲಿ 1870ರಲ್ಲಿ ಹೊಡೆದಿದ್ದು 3,789 ಮಾತ್ರ, ಇವತ್ತು ಹರಾಜಲ್ಲಿ ಲಕ್ಷ ಡಾಲರ್ ಮೀರಿ ಹೋಗುತ್ತೆ, ಕರಗಿಸಿದ್ರೆ ಸಿಗೋದು ಸುಮಾರು 30 ಗ್ರಾಂ ಚಿನ್ನದ ರೇಟು ಅಷ್ಟೇ. 1933ರಲ್ಲಿ ಅಮೆರಿಕದ ಅಧ್ಯಕ್ಷ ರೂಸ್ವೆಲ್ಟ್ ಸರ್ಕಾರ ಜನರ ಹತ್ರ ಇದ್ದ ಬಂಗಾರದ ನಾಣ್ಯ ವಾಪಸ್ ತಗೊಂಡು ಆಮೇಲೆ ಕರಗಿಸಿ ಗಟ್ಟಿ ಮಾಡಿಸ್ತು, ಅಂಥ ಆದೇಶದಲ್ಲೂ ಸಂಗ್ರಾಹಕರ ಅಪರೂಪದ ನಾಣ್ಯಕ್ಕೆ ವಿನಾಯಿತಿ ಇತ್ತು!

ಯಾರ ಮನೇಲಾದ್ರೂ ಅಜ್ಜನ ಕಾಲದ್ದು ಇದ್ರೆ ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಪಾಲಿಶ್ ಮಾಡಿಸಬೇಡಿ, ಮೈಮೇಲಿನ ಮೂಲ ಹೊಳಪು ಹೋದ್ರೆ ಸಂಗ್ರಾಹಕರು ಕೊಡೋ ಬೆಲೆ ಬಿದ್ದುಹೋಗುತ್ತೆ. ಮುಂದಿನ ಸಲ ವಂಚನೆ ಸುದ್ದಿ ಹಾಕುವಾಗ ಪಕ್ಕದಲ್ಲೊಂದು ಚಿಕ್ಕ ಬಾಕ್ಸ್ ಮಾಡಿ ತೂಕ, ಅಗಲ, ಅಕ್ಷರ ಇರೋ ಜಾಗ ಇಷ್ಟು ಹಾಕಿ ಸಾರ್.

– ನಾಣ್ಯ ಸಂಗ್ರಾಹಕ, ದಾವಣಗೆರೆ