ಯಾದಿ ಮೊದಲು, ಕೂಪನ್ ಆಮೇಲೆ

ಮಾನ್ಯ ಸಂಪಾದಕರೇ,

ಭಾನುವಾರ ಪೇಪರ್ ಬಿಚ್ಚಿದರೆ ಸುದ್ದಿಗಿಂತ ಮೊದಲು ಬಣ್ಣದ ಹಾಳೆ ಕೈಗೆ ಬರುತ್ತದೆ. ಸೋಪಿಗೆ ಹತ್ತು ರೂಪಾಯಿ ಕಡಿತ, ಚಹಾಪುಡಿಗೆ ಇಷ್ಟು, 999 ರೂಪಾಯಿ ಸಾಮಾನು ತೆಗೆದುಕೊಂಡರೆ ನೂರು ರೂಪಾಯಿ ಕಡಿಮೆ. ನಮ್ಮ ಕೋಡಿಬಾಗದ ಓಣಿಯಲ್ಲಿ ಈ ಹಾಳೆಯನ್ನು ಯಾರೂ ಎಸೆಯುವುದಿಲ್ಲ, ಕತ್ತರಿ ಹುಡುಕುತ್ತಾರೆ. ನಾನೂ ಎರಡು ವರ್ಷದಿಂದ ಕತ್ತರಿಸಿ ಇಡುತ್ತಿದ್ದೇನೆ. ಅದರಲ್ಲಿ ಮೊದಲ ಒಂದೂವರೆ ವರ್ಷ ಉಳಿದದ್ದಕ್ಕಿಂತ ಕಳೆದದ್ದೇ ಜಾಸ್ತಿ. ಈಗ ಆರು ತಿಂಗಳಿಂದ ಮಾತ್ರ ನಿಜವಾಗಿ ದುಡ್ಡು ಉಳಿಯುತ್ತಿದೆ. ಅದು ಹೇಗೆ ಅಂತ ನನ್ನಂಥ ನಾಲ್ಕು ಜನರಿಗೆ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದ ಆಗಿದೆ, ದಯವಿಟ್ಟು ಕತ್ತರಿಸದೆ ಹಾಕಿ.

ಒಂದು ದಿನ ನಡೆದದ್ದನ್ನು ಹೇಳುತ್ತೇನೆ. ಅಂಗಡಿಯ ಹೆಸರು ಬೇಡ. ನನ್ನ ಕೈಯಲ್ಲಿ ಆ 999 ರೂಪಾಯಿಯ ಕೂಪನ್ ಇತ್ತು. ಮನೆಗೆ ಬೇಕಿದ್ದ ಸಾಮಾನು 740 ರೂಪಾಯಿಯದು. ಇನ್ನೊಂದಿಷ್ಟು ಸೇರಿಸಿದರೆ ನೂರು ರೂಪಾಯಿ ಬಿಡುತ್ತಾರಲ್ಲ ಅಂತ ಸಾಸ್ ಬಾಟಲಿ, ದೊಡ್ಡ ಬಿಸ್ಕಿಟ್ ಪ್ಯಾಕೆಟ್, ಬಚ್ಚಲಿಗೆ ಹಾಕುವ ಸುವಾಸನೆಯ ಡಬ್ಬಿ ಎಲ್ಲ ಬುಟ್ಟಿಗೆ ಹಾಕಿದೆ. ಬಿಲ್ಲು 1,012 ಆಯಿತು. ಕೂಪನ್ ಕೊಟ್ಟೆ. ಕೌಂಟರಿನ ಹುಡುಗ ಅದನ್ನು ತಿರುಗಿಸಿ ನೋಡಿ, ಅಕ್ಕಾ ಇದಕ್ಕೆ ಅಕ್ಕಿ, ಸಕ್ಕರೆ, ಎಣ್ಣೆ ಲೆಕ್ಕಕ್ಕೆ ಬರುವುದಿಲ್ಲ ಅಂದ. ಅವು ಮೂರೇ 430 ರೂಪಾಯಿ. ಉಳಿದದ್ದು 582. ಕೂಪನ್ ನಡೆಯಲಿಲ್ಲ. ಹಿಂದೆ ಏಳೆಂಟು ಜನ ಸಾಲಿನಲ್ಲಿ ನಿಂತಿದ್ದರು, ಒಂದೊಂದೇ ಸಾಮಾನು ವಾಪಸ್ ತೆಗೆಸಲಿಕ್ಕೆ ಸಂಕೋಚ ಆಗಿ ಪೂರ್ತಿ ದುಡ್ಡು ಕೊಟ್ಟು ಬಂದೆ. ನೂರು ರೂಪಾಯಿ ಉಳಿಸಲಿಕ್ಕೆ ಹೋಗಿ 272 ರೂಪಾಯಿ ಬೇಡದ ಸಾಮಾನಿಗೆ ಹಾಕಿದಂತಾಯಿತು. ಮನೆಗೆ ಬಂದು ಕೂಪನ್ನಿನ ಹಿಂಭಾಗ ಓದಿದೆ. ಹುಡುಗ ಹೇಳಿದ್ದು ನಿಜ. ಇರುವೆ ಸಾಲಿನಷ್ಟು ಸಣ್ಣ ಅಕ್ಷರ, ಅದೂ ಇಂಗ್ಲಿಷಿನಲ್ಲಿ. ಮುಂಭಾಗದ ನೂರು ರೂಪಾಯಿ ಮಾತ್ರ ಹೆಬ್ಬೆರಳಿನಷ್ಟು ದೊಡ್ಡದಾಗಿ ಕನ್ನಡದಲ್ಲಿತ್ತು.

ನನಗೆ ಬೇಸರ ಆದದ್ದು ಇದಕ್ಕೇ. ಆಸೆ ಹುಟ್ಟಿಸುವ ಮಾತು ಕನ್ನಡದಲ್ಲಿ, ಷರತ್ತು ಮಾತ್ರ ಇಂಗ್ಲಿಷಿನಲ್ಲಿ. ನನಗಾದರೆ ಹೇಗೋ ಓದಲಿಕ್ಕೆ ಬರುತ್ತದೆ. ನಮ್ಮ ಅತ್ತೆಯವರಿಗೆ, ಪಕ್ಕದ ಮನೆಯ ಮೀನು ಮಾರುವ ಅಕ್ಕನಿಗೆ ಯಾರು ಓದಿ ಹೇಳಬೇಕು?

ಅವತ್ತು ರಾತ್ರಿಯಿಂದ ನಾನು ಒಂದು ನೋಟ್‌ಬುಕ್ ಇಟ್ಟೆ. ಯಾವ ಸಾಮಾನು, ಎಷ್ಟಕ್ಕೆ, ಎಲ್ಲಿ, ಕೂಪನ್ನಿಂದ ಎಷ್ಟು ಕಡಿಮೆ ಆಯಿತು, ಅಷ್ಟೇ. ಒಂದೇ ಒಂದು ನಿಯಮ ಮಾಡಿಕೊಂಡೆ. ಮೊದಲು ಅಡುಗೆಮನೆಯಲ್ಲಿ ನಿಂತು ಡಬ್ಬಿಗಳನ್ನು ನೋಡಿ ಯಾದಿ ಬರೆಯುವುದು. ಆಮೇಲೆ ಕೂಪನ್ ತೆಗೆದು ಯಾದಿಯಲ್ಲಿ ಇರುವುದಕ್ಕೆ ಮಾತ್ರ ಹೊಂದಿಸುವುದು. ಕೂಪನ್ ನೋಡಿ ಯಾದಿಗೆ ಏನನ್ನೂ ಸೇರಿಸುವಂತಿಲ್ಲ. ಕೇಳಲಿಕ್ಕೆ ಸಣ್ಣ ವಿಷಯ, ಆದರೆ ಇದರಿಂದಲೇ ಎಲ್ಲ ಬದಲಾಯಿತು. ಆರು ತಿಂಗಳಲ್ಲಿ ನನ್ನ ಲೆಕ್ಕದಲ್ಲಿ 2,140 ರೂಪಾಯಿ ಉಳಿದಿದೆ. ತಿಂಗಳಿಗೆ ಮುನ್ನೂರೈವತ್ತರ ಮೇಲೆ. ದೊಡ್ಡ ಮೊತ್ತ ಅಲ್ಲ ಅಂತ ಯಾರಾದರೂ ಹೇಳಬಹುದು, ನಮ್ಮ ಮನೆಯಲ್ಲಿ ಮಗಳ ಶಾಲೆಯ ಚೀಲ, ಇಬ್ಬರು ಮಕ್ಕಳ ರೇನ್‌ಕೋಟು, ಮಳೆಗಾಲದ ಚಪ್ಪಲಿ ಇದರಲ್ಲೇ ಬಂತು.

ನೋಟ್‌ಬುಕ್ ನೋಡಿದಾಗ ಇನ್ನೊಂದು ಗೊತ್ತಾಯಿತು. ಉಳಿದ ದುಡ್ಡಿನಲ್ಲಿ ಹೆಚ್ಚಿನದು ಬಂದದ್ದು ಸೋಪು, ಬಟ್ಟೆ ತೊಳೆಯುವ ಪುಡಿ, ಹಲ್ಲುಜ್ಜುವ ಪೇಸ್ಟು, ಪಾತ್ರೆ ತಿಕ್ಕುವ ಸೋಪು ಇಂಥವುಗಳಿಂದ. ಕೆಡದ ಸಾಮಾನು. ಕೂಪನ್ ಸಿಕ್ಕಾಗ ಎರಡು ಜಾಸ್ತಿ ತಂದಿಟ್ಟರೂ ನಷ್ಟ ಇಲ್ಲ. ತಿನ್ನುವ ಸಾಮಾನಿನಲ್ಲಿ ಹಾಗಲ್ಲ. ಅದರಲ್ಲೂ ನಮ್ಮ ಕರಾವಳಿಯ ಮಳೆಯಲ್ಲಿ. ಎರಡು ಕಿಲೋ ರವೆಗೆ ಕೂಪನ್ ಇದೆ ಅಂತ ಜುಲೈಯಲ್ಲಿ ತಂದಿಟ್ಟಿದ್ದೆ, ಮೂರು ವಾರದಲ್ಲಿ ಹುಳ. ಬೆಲ್ಲ ನೀರೊಡೆಯುತ್ತದೆ, ಹಪ್ಪಳ ಮೆತ್ತಗಾಗುತ್ತದೆ, ಬಿಸ್ಕಿಟ್ ಒಂದು ಸಂಜೆಯಲ್ಲಿ ಹಳಸಿದಂತಾಗುತ್ತದೆ. ದೊಡ್ಡ ಪ್ಯಾಕೆಟ್ಟಿನ ಲೆಕ್ಕ ಘಟ್ಟದ ಮೇಲಿನ ಒಣ ಊರಿಗೆ ಸರಿ ಹೋಗಬಹುದು, ಕಾರವಾರದ ಜುಲೈಗೆ ಹೋಗುವುದಿಲ್ಲ.

ಇನ್ನು ಪ್ಯಾಕೆಟ್ ಮೇಲೆ ಬರೆದದ್ದನ್ನು ಓದುವ ವಿಷಯ. ಇದು ಎಲ್ಲರಿಗೂ ಗೊತ್ತಾಗಬೇಕು. ಎಂಆರ್‌ಪಿ ಪಕ್ಕದಲ್ಲಿ ಗ್ರಾಮಿಗೆ ಇಷ್ಟು, ಮಿಲಿಲೀಟರಿಗೆ ಇಷ್ಟು ಅಂತ ಇನ್ನೊಂದು ಬೆಲೆ ಹಾಕಿರುತ್ತಾರೆ. ಕಿಲೋಗಿಂತ ಕಡಿಮೆ ತೂಕದ್ದಾದರೆ ಗ್ರಾಮಿನ ಲೆಕ್ಕ, ಜಾಸ್ತಿಯಾದರೆ ಕಿಲೋ ಲೆಕ್ಕ. ಕೆಲವು ಪ್ಯಾಕೆಟ್ ಮೇಲೆ ಯುಎಸ್‌ಪಿ (ಯೂನಿಟ್ ಸೇಲ್ ಪ್ರೈಸ್) ಅಂತ ಇರುತ್ತದೆ. 2011ರ ಪ್ಯಾಕೆಟ್ ಸಾಮಾನಿನ ನಿಯಮಗಳಿಗೆ ತಿದ್ದುಪಡಿ ತಂದು ಇದನ್ನು ಕಡ್ಡಾಯ ಮಾಡಿದ್ದಾರೆ. ಕಾರಣವೂ ಇದೆ. ಮೊದಲು ಎಣ್ಣೆ, ಚಹಾಪುಡಿ, ಬಿಸ್ಕಿಟ್ ಇವನ್ನೆಲ್ಲ ಇಂತಿಷ್ಟೇ ತೂಕದಲ್ಲಿ ಮಾರಬೇಕು ಅಂತ ಇತ್ತು, ಈಗ ಆ ಕಟ್ಟು ಇಲ್ಲ. ಹಾಗಾಗಿ 850 ಮಿಲಿ ಎಣ್ಣೆ, 180 ಗ್ರಾಮ್ ಪುಡಿ ಅಂತ ವಿಚಿತ್ರ ಅಳತೆಗಳು ಬರುತ್ತವೆ. ಪ್ಯಾಕೆಟ್ ದೂರದಿಂದ ನೋಡಿದರೆ ಲೀಟರಿನ ಹಾಗೇ ಕಾಣುತ್ತದೆ.

ನನ್ನ ನೋಟ್‌ಬುಕ್ಕಿನ ಒಂದು ಲೆಕ್ಕ ಹೇಳುತ್ತೇನೆ. ಒಂದು ಲೀಟರ್ ಎಣ್ಣೆ 145 ರೂಪಾಯಿ. ಪಕ್ಕದಲ್ಲೇ ಇನ್ನೊಂದು ಕಂಪನಿಯ 850 ಮಿಲಿ ಪ್ಯಾಕೆಟ್ 129 ರೂಪಾಯಿ, ಅದಕ್ಕೆ ಐದು ರೂಪಾಯಿ ಕೂಪನ್. ಕೂಪನ್ ಕಳೆದರೆ 124. ನೋಡಿದರೆ ಇಪ್ಪತ್ತೊಂದು ರೂಪಾಯಿ ಕಡಿಮೆ ಅನ್ನಿಸುತ್ತದೆ, ಅಲ್ವಾ? ಲೀಟರಿಗೆ ಲೆಕ್ಕ ಹಾಕಿದರೆ 145 ರೂಪಾಯಿ 88 ಪೈಸೆ. ಕೂಪನ್ ಕೊಟ್ಟ ಮೇಲೂ ಅದೇ ತುಟ್ಟಿ. ಚಹಾಪುಡಿಯಲ್ಲೂ ಒಮ್ಮೆ ಹೀಗೇ ಆಯಿತು, ಕೂಪನ್ ಇದ್ದ ಕಾಲು ಕಿಲೋಕ್ಕಿಂತ ಕೂಪನ್ ಇಲ್ಲದ ಅರ್ಧ ಕಿಲೋ ಗ್ರಾಮಿಗೆ ಎರಡು ಪೈಸೆ ಕಡಿಮೆ ಬಿತ್ತು. ಶಾಂಪೂವಿನಲ್ಲಿ ಇದರ ಉಲ್ಟಾ, ದೊಡ್ಡ ಬಾಟಲಿಗಿಂತ ಒಂದೆರಡು ರೂಪಾಯಿಯ ಸ್ಯಾಶೆಯೇ ಎಷ್ಟೋ ಸಲ ಅಗ್ಗ. ಅಂದಾಜಿನ ಮೇಲೆ ಹೋಗಬೇಡಿ. ಮೊಬೈಲಿನಲ್ಲಿ ಭಾಗಾಕಾರ ಮಾಡಲಿಕ್ಕೆ ಅರ್ಧ ನಿಮಿಷ ಸಾಕು, ನನ್ನ ಹನ್ನೊಂದು ವರ್ಷದ ಮಗ ಈಗ ಅಂಗಡಿಗೆ ಬಂದರೆ ಅವನೇ ಮಾಡುತ್ತಾನೆ.

ಕೂಪನ್ನಿನ ಕಡಿತ ಎಂಆರ್‌ಪಿ ಮೇಲೆ ಸಿಗುತ್ತದೆ ಅನ್ನುವುದನ್ನೂ ಮರೆಯಬಾರದು. ನಮ್ಮ ಓಣಿಯ ತುದಿಯ ಕಿರಾಣಿ ಅಂಗಡಿಯವರು ದಿನಾ ಬರುವವರಿಗೆ ಎಂಆರ್‌ಪಿಗಿಂತ ಮೂರು ನಾಲ್ಕು ರೂಪಾಯಿ ಕಡಿಮೆಗೇ ಕೊಡುತ್ತಾರೆ. ತಿಂಗಳ ಕೊನೆಗೆ ಉದ್ರಿ ಬರೆದುಕೊಳ್ಳುತ್ತಾರೆ. ಹತ್ತು ರೂಪಾಯಿ ಕೂಪನ್ ಹಿಡಿದು ರಿಕ್ಷಾದಲ್ಲಿ ಪೇಟೆಗೆ ಹೋಗಿ ಬಂದರೆ ಏನೂ ಉಳಿಯುವುದಿಲ್ಲ. ನಾನು ಬೇರೆ ಕೆಲಸಕ್ಕೆ ಪೇಟೆಗೆ ಹೋದ ದಿನವೇ ಕೂಪನ್ ಸಾಮಾನು ತರುತ್ತೇನೆ, ಉಳಿದದ್ದು ಓಣಿಯ ಅಂಗಡಿಯಲ್ಲೇ. ಕಷ್ಟದ ತಿಂಗಳಲ್ಲಿ ನಮ್ಮನ್ನು ನಡೆಸಿದ ಅಂಗಡಿಯನ್ನು ಬಿಡಲಿಕ್ಕೆ ಮನಸ್ಸೂ ಬರುವುದಿಲ್ಲ. ತರಕಾರಿಗೆ ನಾನು ಕೂಪನ್ ನೋಡುವುದೇ ಇಲ್ಲ. ಭಾನುವಾರದ ಸಂತೆಯಲ್ಲಿ ಹರಿವೆ, ಬಸಳೆ, ಮೊಗೆಕಾಯಿ ಸಿಗುವಾಗ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಎರಡು ದಿನದ ಸೊಪ್ಪು ಯಾಕೆ ಬೇಕು?

ಇನ್ನೊಂದು ಮಾತು ತೆರಿಗೆಯದ್ದು. 2025ರ ಸೆಪ್ಟೆಂಬರ್ 22ರಿಂದ ಸೋಪು, ಶಾಂಪೂ, ಪೇಸ್ಟು, ಬಿಸ್ಕಿಟ್ ಇವುಗಳ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿದಿದೆ, ತುಪ್ಪ ಬೆಣ್ಣೆಯದ್ದು 12ರಿಂದ 5ಕ್ಕೆ. ಈ ಇಳಿಕೆ ನಮಗೆ ಸಿಗಬೇಕಾದ್ದೇ. ಅದನ್ನೇ ಹಳೆ ಬೆಲೆಗೆ ಗೀಟು ಹೊಡೆದು ಆಫರ್ ಅಂತ ಯಾರಾದರೂ ತೋರಿಸಿದರೆ ಅದು ಆಫರ್ ಅಲ್ಲ.

ನಮ್ಮ ಓಣಿಯ ಆರು ಮನೆಯವರು ಈಗ ಕೂಪನ್ ಅದಲು ಬದಲು ಮಾಡಿಕೊಳ್ಳುತ್ತೇವೆ. ಸಂಘದ ವಾರದ ಸಭೆಗೆ ಬರುವಾಗ ಬೇಡದ್ದನ್ನು ಒಂದು ಹಳೆ ಮಿಠಾಯಿ ಡಬ್ಬಿಯಲ್ಲಿ ಹಾಕುತ್ತೇವೆ. ಡೈಪರ್ ಕೂಪನ್ ನನಗೆ ಬೇಡ, ಎದುರು ಮನೆಯಲ್ಲಿ ಎಂಟು ತಿಂಗಳ ಕೂಸಿದೆ. ಅವರಿಗೆ ಬೇಡದ ಕಾಫಿಪುಡಿಯದ್ದು ನನಗೆ ಬರುತ್ತದೆ. ಕೊನೆಯ ದಿನಾಂಕಕ್ಕೆ ಕೆಂಪು ಪೆನ್ನಿನಿಂದ ಸುತ್ತು ಹಾಕುತ್ತೇವೆ, ಇಲ್ಲದಿದ್ದರೆ ಡಬ್ಬಿ ತುಂಬ ಸತ್ತ ಕೂಪನ್ನುಗಳೇ. ಶಿರಸಿಯಲ್ಲಿರುವ ನನ್ನ ಅಕ್ಕನೂ ತನ್ನ ಓಣಿಯಲ್ಲಿ ಇದನ್ನು ಶುರು ಮಾಡಿದ್ದಾಳೆ.

ವಾಟ್ಸಾಪಿನಲ್ಲಿ ಬರುವ ಕೂಪನ್ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ, ಮುಟ್ಟಬೇಡಿ. ಹಬ್ಬದ ಕೊಡುಗೆ, ಎರಡು ಸಾವಿರದ ದಿನಸಿ ಉಚಿತ, ಹತ್ತು ಜನರಿಗೆ ಕಳಿಸಿ ಅಂತ ಇರುತ್ತದೆ. ಒತ್ತಿದರೆ ಹೆಸರು, ಬ್ಯಾಂಕು, ಕೊನೆಗೆ ಯುಪಿಐ ಪಿನ್ ಕೇಳುತ್ತದೆ. ದುಡ್ಡು ನಮ್ಮ ಖಾತೆಗೆ ಬರಲಿಕ್ಕೆ ಪಿನ್ ಒತ್ತಬೇಕಾಗಿಲ್ಲ, ಪಿನ್ ಒತ್ತಿದರೆ ದುಡ್ಡು ಹೋಗುತ್ತದೆ. ಒಂದು ವೇಳೆ ಹೋಯಿತು ಅಂದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಅಂಗಡಿಯ ಕೌಂಟರಿನಲ್ಲಿ ಮೊಬೈಲ್ ನಂಬರ್ ಕೇಳುವುದೂ ಹೀಗೆಯೇ ಅಭ್ಯಾಸ ಆಗಿಬಿಟ್ಟಿದೆ. ನಂಬರ್ ಕೊಟ್ಟರೇ ಬಿಲ್ಲು ಅಂತ ಒತ್ತಾಯ ಮಾಡಬಾರದು ಎಂದು ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರಲ್ಲೇ ಅಂಗಡಿಗಳಿಗೆ ಸೂಚನೆ ಕೊಟ್ಟಿದೆ. ಬೇಡ ಅನ್ನಿಸಿದರೆ ಕೊಡುವುದಿಲ್ಲ ಅಂತ ಹೇಳಿ. ಬಿಲ್ಲು ಮಾತ್ರ ಕೇಳಿ ತೆಗೆದುಕೊಳ್ಳಿ. ಬಿಲ್ಲು ಕೊಡದೇ ಇರುವುದನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಅಂತಲೇ ಹೇಳುತ್ತದೆ. ನೂರು ರೂಪಾಯಿ ಕೂಪನ್ನಿಗೆ ಯಾರೂ ಗ್ರಾಹಕರ ಆಯೋಗದ ಮೆಟ್ಟಿಲು ಹತ್ತುವುದಿಲ್ಲ, ಸರಿ. ಆದರೆ 1915ಕ್ಕೆ ಫೋನ್ ಮಾಡಲಿಕ್ಕೆ ದುಡ್ಡು ಬೇಕಾಗಿಲ್ಲ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಈಗ ನಮ್ಮ ಜಿಲ್ಲೆಯ ಅಂಗಡಿಯವರಿಗೆ ಒಂದು ಕೋರಿಕೆ. ಕೂಪನ್ ಹಂಚುವುದು ಹಂಚುತ್ತೀರಿ, ಅದನ್ನು ಮೇ ತಿಂಗಳಲ್ಲಿ ಕೊಡಿ. ಕರಾವಳಿಯ ಮನೆಗಳು ದೊಡ್ಡ ಖರೀದಿ ಮಾಡುವುದು ಆಗಲೇ. ನಮ್ಮ ಅತ್ತೆ ಮಳೆಗಾಲದ ಸಾಮಾನು ಅಂತ ಈಗಲೂ ಮೇ ಮುಗಿಯುವ ಮೊದಲೇ ತುಂಬಿಡುತ್ತಾರೆ. ಕುಮಟಾದ ಈರುಳ್ಳಿ ಗೊಂಚಲು ತಂದು ಅಡುಗೆಮನೆಯ ಜಂತಿಗೆ ಕಟ್ಟುತ್ತಾರೆ, ಒಣ ಮೀನು ಇನ್ನೊಂದು ಬಿಸಿಲಿಗೆ ಹಾಕಿ ಡಬ್ಬಿಗೆ ತುಂಬುತ್ತಾರೆ, ಸಾಣಿಕಟ್ಟಾದ ಉಪ್ಪು, ಮುರುಗಲ (ಕೋಕಂ) ಸಿಪ್ಪೆ, ಕುಚಲಕ್ಕಿ ಎಲ್ಲ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಆಗ ಬಂಗಡೆ ಬೆಲೆ ಕೇಳಿಯೇ ವಾಪಸ್ ಬರಬೇಕು. ಮೀನುಗಾರರ ಮನೆಗಳಲ್ಲಿ ಕೈಯಲ್ಲಿ ದುಡ್ಡೂ ಕಡಿಮೆ. ಅದಕ್ಕಿಂತ ಮೊದಲೇ ಅಕ್ಕಿ, ಬೇಳೆ, ಎಣ್ಣೆ, ಸೋಪಿಗೆ ಒಂದು ತಿಂಗಳು ನಡೆಯುವ ಕೂಪನ್ ಕೊಟ್ಟರೆ ಎಷ್ಟು ಮನೆಗಳಿಗೆ ಅನುಕೂಲ ಆಗುತ್ತದೆ ಯೋಚನೆ ಮಾಡಿ. ಈಗ ದೀಪಾವಳಿಗೆ ಹದಿನೈದು ದಿನಕ್ಕೆ ಸಾಯುವ ಕೂಪನ್ ಬರುತ್ತದೆ, ಅದೂ ಚಾಕೊಲೇಟ್ ಡಬ್ಬಿಗೆ.

ಸಂಪಾದಕರೇ, ಕೊನೆಯ ಮಾತು ನಿಮಗೆ. ಈ ಹಾಳೆಗಳು ನಿಮ್ಮ ಪೇಪರಿನ ಮಡಿಕೆಯೊಳಗೇ ನಮ್ಮ ಮನೆಗೆ ಬರುತ್ತವೆ. ನಿಮ್ಮ ಪೇಪರಿನ ಜೊತೆ ಬಂತು ಅಂತ ಜನ ನಂಬುತ್ತಾರೆ, ನಾನೂ ನಂಬಿದ್ದೆ. ಜಾಹೀರಾತು ಕೊಡುವವರಿಗೆ ನೀವು ಎರಡೇ ವಿಷಯ ಕೇಳಿ. ಯಾವ ಸಾಮಾನಿಗೆ ನಡೆಯುವುದಿಲ್ಲ ಅನ್ನುವುದು ಮುಂಭಾಗದಲ್ಲೇ ಇರಲಿ, ಕೊನೆಯ ದಿನಾಂಕದ ಜೊತೆ. ಎರಡೂ ಕನ್ನಡದಲ್ಲಿ ಇರಲಿ, ಕನ್ನಡಕ ಹಾಕಿದ ನಮ್ಮ ಅತ್ತೆ ಬಾಗಿಲ ಬೆಳಕಿನಲ್ಲಿ ಕೂತು ಓದುವಷ್ಟು ದೊಡ್ಡದಾಗಿ.

ಇಂತಿ,
ನಿಮ್ಮ ಓದುಗಿ
ಕೋಡಿಬಾಗ, ಕಾರವಾರ