ಸೆನ್ಸರ್ ಜಾಗ ತಪ್ಪಿದರೆ ಮೀಟರ್ ನಂಬುವಂತಿಲ್ಲ

ಸಂಪಾದಕರಿಗೆ,

ಮಾನ್ಯರೇ,

ಹಳೆಯ ಪೆಟ್ರೋಲ್ ಕಾರಿಗೆ ಎಲ್‌ಪಿಜಿ ಕಿಟ್ ಹೊಂದಿಸುವಾಗಲೋ ಇಂಜಿನ್ ಟ್ಯೂನ್ ಮಾಡುವಾಗಲೋ ಕಿವಿಗೊಟ್ಟು ಸದ್ದು ಕೇಳಿ, ಪ್ಲಗ್ಗಿನ ಬಣ್ಣ ನೋಡಿ ಅಂದಾಜು ಹಾಕುವ ಕಾಲ ಹೋಯಿತು. ಹೊಗೆಯಲ್ಲಿರುವ ಆಮ್ಲಜನಕ ಅಳೆಯುವ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರನ್ನು ಹೊಗೆ ಪೈಪಿಗೆ ಹಾಕಿದರೆ ಗಾಳಿ–ಇಂಧನದ ಪ್ರಮಾಣ ಮೀಟರಿನಲ್ಲಿ ಅಂಕಿಯಲ್ಲೇ ಕಾಣುತ್ತದೆ. ಆದರೆ ವೆಲ್ಡಿಂಗ್ ರಾಡ್ ಸಲೀಸಾಗಿ ತಲುಪುವ ಕಡೆ ತೂತು ಕೊರೆದು ಅದನ್ನು ಕೂರಿಸಿದರೆ ಹಾಕಿದ ದುಡ್ಡೂ ಹೋಯಿತು, ಇಂಜಿನ್ನೂ ಕೆಟ್ಟಿತು. ಕಲಬುರಗಿಯ ಮೆಕ್ಯಾನಿಕ್‌ಗಳೂ ಕಾರಿನ ಮಾಲೀಕರೂ ಗಮನಿಸಬೇಕಾದ ಕೆಲವು ಮಾತು ಇಲ್ಲಿವೆ.

ಟರ್ಬೊ (ಹೊಗೆಯ ರಭಸಕ್ಕೆ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಪಂಪ್) ಇಲ್ಲದ ಇಂಜಿನ್ನಿನಲ್ಲಿ ಎಲ್ಲ ಸಿಲಿಂಡರ್‌ಗಳ ಹೊಗೆ ಒಂದೇ ಪೈಪಿಗೆ ಕೂಡಿದ ಮೇಲೆ, ಹೆಡ್‌ನಿಂದ (ಸಿಲಿಂಡರ್‌ಗಳ ಮೇಲಿನ ಭಾಗ) ಸುಮಾರು 60 ಸೆಂ.ಮೀ. ದೂರದಲ್ಲಿ, ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗಿಂತ ಮೊದಲು ಸೆನ್ಸರ್ ಇರಬೇಕು. ಟರ್ಬೊ ಇದ್ದರೆ ಅದನ್ನು ದಾಟಿದ ಮೇಲೆ, ಹೆಡ್‌ನಿಂದ 90 ಸೆಂ.ಮೀ. ಸುಮಾರಿಗೆ. ಟರ್ಬೊಗಿಂತ ಮೊದಲು ಹಾಕಿದರೆ ಅಲ್ಲಿನ ಒತ್ತಡಕ್ಕೆ ಅಂಕಿ ತಪ್ಪುತ್ತದೆ, ಕಾವಿಗೆ ಸೆನ್ಸರ್ ಸುಡುತ್ತದೆ. ಬಾಷ್ ಎಲ್‌ಎಸ್‌ಯು 4.9 ಸೆನ್ಸರ್ ಸತತವಾಗಿ ತಾಳುವ ಹೊಗೆಯ ಕಾವು 930 ಡಿಗ್ರಿ ಸೆಲ್ಸಿಯಸ್. ಪಾನಾ ಹಿಡಿಯುವ ಷಟ್ಕೋನ ಭಾಗಕ್ಕೆ 600 ಡಿಗ್ರಿಯೇ ಮಿತಿ. ಹಾಗೆಂದು ಸೈಲೆನ್ಸರಿನ ತುದಿಗೆ ಒಯ್ಯುವುದೂ ತಪ್ಪು. ಇಂಜಿನ್ ನಿಧಾನ ಓಡುವಾಗ ಹೊರಗಿನ ಗಾಳಿ ಪೈಪಿನೊಳಗೆ ಹಿಂದಕ್ಕೆ ನುಗ್ಗಿ, ಮೀಟರ್ ‘ಲೀನ್’ (ಗಾಳಿ ಹೆಚ್ಚು, ಇಂಧನ ಕಡಿಮೆ) ಎನ್ನುತ್ತದೆ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಕೋನದಲ್ಲಿ. ಪೈಪನ್ನು ಅಡ್ಡ ಕೊಯ್ದು ಗಡಿಯಾರದ ಮುಖದಂತೆ ನೋಡಿ: ಸೆನ್ಸರ್ 10 ಗಂಟೆಯಿಂದ 2 ಗಂಟೆಯ ನಡುವೆ, ಮೂತಿ ಕೆಳಗೆ ಮಾಡಿ ಕೂರಬೇಕು. ಅಷ್ಟಾಗದಿದ್ದರೂ ಅಡ್ಡಗೆರೆಯಿಂದ ಕನಿಷ್ಠ 10 ಡಿಗ್ರಿ ಮೇಲೆ ಇರಲೇಬೇಕು. ತಣ್ಣಗಿನ ಇಂಜಿನ್ ಚಾಲೂ ಆದಾಗ ಪೈಪಿನೊಳಗೆ ನೀರು ಹನಿಗಟ್ಟುತ್ತದೆ. ಸೆನ್ಸರ್ ಒಳಗಿನ ಸೆರಾಮಿಕ್ ಪಟ್ಟಿ ಕೆಲಸ ಮಾಡುವುದು 780 ಡಿಗ್ರಿಯ ಕಾವಿನಲ್ಲಿ. ಆ ಕೆಂಡದ ಮೇಲೆ ಒಂದು ಹನಿ ಬಿದ್ದರೆ ಸಾಕು, ಸೀಳುತ್ತದೆ. ಅದಕ್ಕೇ ಇಂಜಿನ್ ಚಾಲೂ ಆಗುವ ಮುನ್ನ ಆ ಪಟ್ಟಿಯನ್ನು ಕಾಯಿಸುವ ಹೀಟರ್‌ಗೆ ಕರೆಂಟು ಹೋಗದಂತೆ ವೈರಿಂಗ್ ಮಾಡಬೇಕು. ತದ್ವಿರುದ್ಧವೂ ನಿಜ: ಕರೆಂಟು ಕೊಡದೆ ಸೆನ್ಸರನ್ನು ಪೈಪಿನಲ್ಲೇ ಬಿಟ್ಟು ಗಾಡಿ ಓಡಿಸಿದರೆ ಮಸಿ ಹಿಡಿದು ಹಾಳಾಗುತ್ತದೆ. ಬಿಚ್ಚಿಟ್ಟರೆ ತೂತಿಗೆ ಥ್ರೆಡ್ ಇರುವ ಮುಚ್ಚಳ ಹಾಕಿಯೇ ಓಡಿಸಿ.

ನಮ್ಮ ಕಡೆ ಇನ್ನೊಂದು ಕಾರಣಕ್ಕೂ ಪೈಪಿನ ತಳ ಬೇಡ. ರಾಶಿಯ ಕಾಲದಲ್ಲಿ ರಸ್ತೆ ಮೇಲೆ ಹರಡಿದ ತೊಗರಿ ಕಟ್ಟಿಗೆ, ಜೋಳದ ಕಣಿಕೆ ಕಾರಿನ ಅಡಿಗೆ ಸುತ್ತಿಕೊಂಡು ವೈರನ್ನು ಜಗ್ಗುತ್ತದೆ. ಕಾದ ಪೈಪಿಗೆ ತಾಗಿ ಹೊತ್ತಿಕೊಂಡೀತು. ಮಳೆಗಾಲದಲ್ಲಿ ಎರೆಮಣ್ಣು ಮೆತ್ತುತ್ತದೆ.

ವೆಲ್ಡಿಂಗ್‌ಗೆ ಮುನ್ನ ಬ್ಯಾಟರಿ ಕನೆಕ್ಷನ್ ತೆಗೆಯಿರಿ, ಅರ್ಥಿಂಗ್ ಕ್ಲಾಂಪ್ ವೆಲ್ಡಿಂಗ್ ಜಾಗದ ಹತ್ತಿರವೇ ಇರಲಿ. ಸೆನ್ಸರ್ ತಿರುಗಿಸಿ ಕೂರಿಸಲು ಪೈಪಿಗೆ ಬೆಸೆಯುವ ಬಂಗ್‌ನ (ಥ್ರೆಡ್ ಇರುವ ಕಬ್ಬಿಣದ ಬಳೆ) ಥ್ರೆಡ್ ಅಳತೆ 18×1.5 ಮಿ.ಮೀ. ಕಾವಿಗೆ ಅದು ಸೊಟ್ಟಗಾಗದಂತೆ ಒಳಗೆ ಕೆಟ್ಟ ಹಳೆಯ ಸೆನ್ಸರ್ ಒಂದನ್ನು ತಿರುಗಿಸಿಟ್ಟು ಬೆಸೆಯಬೇಕು. ಬಂಗ್ ತೀರಾ ಎತ್ತರವಾದರೆ ಮೂತಿ ಹೊಗೆಗೆ ಸಿಗದೆ ಒಳಗೇ ಅಡಗುತ್ತದೆ. ಸೆನ್ಸರ್ ಬಿಗಿಯುವುದು 22ರ ಪಾನಾದಲ್ಲಿ, 40ರಿಂದ 60 ನ್ಯೂಟನ್ ಮೀಟರ್. ಕಾವು ತಾಳುವ (ಆಂಟಿ-ಸೀಜ್) ಗ್ರೀಸ್ ಥ್ರೆಡ್ಡಿಗೆ ಮಾತ್ರ, ಮೂತಿಗೆ ತಾಗಬಾರದು. ಸಿಲಿಕಾನ್ ಪೇಸ್ಟ್ ಹತ್ತಿರವೂ ಬೇಡ, ಅದರ ಆವಿ ಸೆನ್ಸರಿಗೆ ವಿಷ. ವೈರ್ ಸಾಲದೆಂದು ಕನೆಕ್ಟರ್ ಕತ್ತರಿಸಲೇಬೇಡಿ, ಎಲ್‌ಎಸ್‌ಯು 4.9ರಲ್ಲಿ ಆಯಾ ಸೆನ್ಸರಿಗೆ ಹೊಂದಿಸಿದ ರೆಸಿಸ್ಟರ್ ಅದರೊಳಗೇ ಇರುತ್ತದೆ.

ಸೆನ್ಸರಿಗಿಂತ ಮುಂಚಿನ ಗ್ಯಾಸ್ಕೆಟ್ಟಿನಲ್ಲಿ ಸಣ್ಣ ಸೋರಿಕೆ ಇದ್ದರೂ ಗಾಳಿ ಒಳಸೇರಿ ಅಂಕಿ ಕೆಡುತ್ತದೆ. ಜೋಡಣೆಯ ಸುತ್ತ ಕಪ್ಪು ಮಸಿ ಗೆರೆ ಕಂಡರೆ ಅದೇ ಗುರುತು. ಒಂದು ಸಿಲಿಂಡರ್ ಉರಿಯದಿದ್ದಾಗಲೂ ಬಳಕೆಯಾಗದ ಆಮ್ಲಜನಕ ಹೊರಬಿದ್ದು ಮೀಟರ್ ‘ಲೀನ್’ ತೋರಿಸುತ್ತದೆ. ಆಗ ಪೆಟ್ರೋಲ್ ಹೆಚ್ಚಿಸುವುದಲ್ಲ, ಪ್ಲಗ್ಗು, ಕಾಯಿಲ್ ನೋಡಬೇಕು.

ಇ20 (ಶೇ 20 ಎಥೆನಾಲ್ ಬೆರೆಸಿದ) ಪೆಟ್ರೋಲ್ ಬಂದ ಮೇಲೆ ಅಂಕಿಯ ಗೊಂದಲವೂ ಸೇರಿದೆ. ತೂಕದಲ್ಲಿ ಒಂದು ಪಾಲು ಇಂಧನಕ್ಕೆ ಬೇಕಾದ ಗಾಳಿಯ ಸರಿಯಾದ ಪ್ರಮಾಣ ಶುದ್ಧ ಪೆಟ್ರೋಲಿಗೆ 14.7, ಇ20ಕ್ಕೆ ಸುಮಾರು 13.5. ಆದರೆ ಸಾಮಾನ್ಯ ಮೀಟರ್ ಲ್ಯಾಂಬ್ಡಾವನ್ನು (ಇರುವ ಗಾಳಿ ಬೇಕಾದ ಗಾಳಿಯ ಎಷ್ಟು ಪಟ್ಟು ಎಂಬ ಅಂಕಿ) 14.7ರಿಂದ ಗುಣಿಸಿ ತೋರಿಸುವುದರಿಂದ, ಇ20ರಲ್ಲೂ ಮಿಶ್ರಣ ಸರಿ ಇದ್ದಾಗ 14.7 ಎಂದೇ ಬರುತ್ತದೆ. ಅದನ್ನು 13.5ಕ್ಕೆ ಇಳಿಸಿದರೆ ಲ್ಯಾಂಬ್ಡಾ 0.92 ಆಗಿ ಇಂಧನ ಸುಮ್ಮನೆ ಪೋಲು. ಮೀಟರನ್ನು ಲ್ಯಾಂಬ್ಡಾಗೆ ಬದಲಿಸಿಕೊಂಡರೆ ಪೆಟ್ರೋಲಿಗೂ ಎಲ್‌ಪಿಜಿಗೂ 1.00 ಒಂದೇ ಗುರಿ.

ಬಿಎಸ್6 (ಭಾರತದ ಹೊಗೆ ಮಾಲಿನ್ಯ ಮಾನದಂಡ) ಕಾರುಗಳ ಮಾತು ಬೇರೆ. ಹಲವು ಮಾದರಿಗಳಲ್ಲಿ ಕನ್ವರ್ಟರ್ ಸಿಲಿಂಡರ್‌ಗಳ ಹೊಗೆ ಕೂಡಿಸುವ ಮ್ಯಾನಿಫೋಲ್ಡಿಗೆ ಅಂಟಿಕೊಂಡೇ ಇರುವುದರಿಂದ ಅದಕ್ಕಿಂತ ಮೊದಲು ಸೆನ್ಸರ್ ಹಾಕಲು ಜಾಗವೇ ಇಲ್ಲ. ಜಾಗ ಮಾಡಲೆಂದು ಕನ್ವರ್ಟರ್ ಕತ್ತರಿಸುವುದನ್ನಾಗಲಿ, ಕಂಪನಿ ಸೆನ್ಸರ್ ಕಿತ್ತು ಅದರ ತೂತಿನಲ್ಲಿ ಹೊಸದನ್ನು ಕೂರಿಸುವುದನ್ನಾಗಲಿ ದಯವಿಟ್ಟು ಯಾರೂ ಮಾಡಬೇಡಿ. ಅಂಥ ಗಾಡಿಗೆ ಸ್ಕ್ಯಾನರ್ ಹಚ್ಚಿ, ಕಂಪನಿ ಸೆನ್ಸರ್ ಕೊಡುವ ಮಾಹಿತಿಯನ್ನೂ ಫ್ಯೂಯಲ್ ಟ್ರಿಮ್ (ಕಾರಿನ ಕಂಪ್ಯೂಟರ್ ಇಂಧನವನ್ನು ಎಷ್ಟು ಹೆಚ್ಚು–ಕಡಿಮೆ ಮಾಡುತ್ತಿದೆ ಎಂಬ ಅಂಕಿ) ಅನ್ನೂ ಓದಿ ಕೆಲಸ ಮಾಡಿ.

– ಇಂಜಿನ್ ಟ್ಯೂನಿಂಗ್ ಕೆಲಸಗಾರರು, ಕಲಬುರಗಿ